ಪದಚರ್ಚೆ: ಡ್ರೈವರ್ ಮಾಡ್ಯೂಲ್ ‘ಇಳಿಸು’ ಅಂದರೆ ಏನು ಅರ್ಥವಾಗುತ್ತದೆ? ಇನ್ನೂ ಕೆಲವು ಪದಗಳು

ಗೆಳೆಯರೇ,

ಲಿನಕ್ಸ್‌ನಲ್ಲಿ ಡ್ರೈವರ್‌ಗಳ (ಧ್ವನಿ, ವೈಫೈ ತರಹದ ಸಾಧನಗಳನ್ನು ನಡೆಸುವ ತಂತ್ರಾಂಶ) ಸೆಟ್ಟಿಂಗನ್ನು ಟರ್ಮಿನಲ್‌ನಿಂದ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಿಂದ, ನೋಡುವುದು, ಬದಲಿಸುವುದು ಹೇಗೆ ಅಂತ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ಆಜ್ಞೆಗಳ ಹೆಸರು ಇದ್ದ ಹಾಗೇ ಇರಲಿ. ಎಲ್‌ಎಸ್‌ಮಾಡ್, ಮಾಡ್‌ಪ್ರೋಬ್, ಮಾಡ್‌ಇನ್ಫೋ ಇವನ್ನು ಅನುವಾದ ಮಾಡಿದರೆ ಯಂತ್ರಕ್ಕೆ ಅರ್ಥವಾಗುವುದಿಲ್ಲ, ಅದರಲ್ಲಿ ಚರ್ಚೆ ಇಲ್ಲ. ಆದರೆ ಆ ಆಜ್ಞೆ ಏನು ಮಾಡುತ್ತದೆ ಅಂತ ಹೇಳುವ ವಾಕ್ಯ ಕನ್ನಡದ್ದಾಗಿರಬೇಕು, ಓದಿದವರಿಗೆ ಒಂದೇ ಅರ್ಥ ಕೊಡಬೇಕು. ಇಲ್ಲಿ ತಪ್ಪು ಅರ್ಥವಾದರೆ ಧ್ವನಿ ನಿಂತುಹೋಗಬಹುದು, ವೈಫೈ ಹೋಗಬಹುದು. ಹಾಗಾಗಿ ಪದ ಚೆಂದ ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಅದು ನಡೆಯುವ ಕೆಲಸಕ್ಕೆ ಸರಿಹೊಂದುತ್ತದೆಯೇ ಅನ್ನುವುದು ನನಗೆ ಮುಖ್ಯ.

ಮೊದಲು ಕ್ರಿಯಾಪದ, ಯಾಕೆಂದರೆ ಜಾಸ್ತಿ ತೊಡಕು ಇರುವುದು ಅಲ್ಲೇ. ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು; ಮಾಡ್ಯೂಲ್ ಅಂದರೆ ಬೇಕಾದಾಗ ಅದಕ್ಕೆ ಸೇರಿಸಬಹುದಾದ ತಂತ್ರಾಂಶದ ತುಂಡು, ಡ್ರೈವರ್ ಕೂಡ ಹೀಗೆ ಬರಬಹುದು. ಮಾಡ್‌ಪ್ರೋಬ್ ಒಂದು ಮಾಡ್ಯೂಲನ್ನು ಡಿಸ್ಕಿನಿಂದ ಓದಿ, ಓಡುತ್ತಿರುವ ಕರ್ನಲ್‌ಗೆ ಸೇರಿಸುತ್ತದೆ. ಅದಕ್ಕೆ ಬೇಕಾದ ಬೇರೆ ಮಾಡ್ಯೂಲ್‌ಗಳಿದ್ದರೆ ಅವನ್ನೂ ಜೊತೆಗೆ ತರುತ್ತದೆ. ಆರ್‌ಎಂಮಾಡ್ ಅನ್ನುವ ಆಜ್ಞೆ ಅದನ್ನು ಕರ್ನಲ್‌ನಿಂದ ಹೊರಗೆ ಹಾಕುತ್ತದೆ. ಡಿಸ್ಕಿನಲ್ಲಿರುವ ಫೈಲು ಅಲ್ಲೇ ಇರುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ಈ ಎರಡಕ್ಕೆ ‘ಏರಿಸು, ಇಳಿಸು’ ಅಂತ ಬರೆಯುವವರಿದ್ದಾರೆ, ಕೇಳಲು ಜೋಡಿ ಸರಿಯಾಗಿದೆ. ಆದರೆ ಇವತ್ತು ‘ಇಳಿಸಿಕೊಳ್ಳಿ’ ಅಂದರೆ ಡೌನ್‌ಲೋಡ್ ಅಂತಲೇ ಎಲ್ಲರೂ ಓದುತ್ತಾರೆ. ‘ಈ ಮಾಡ್ಯೂಲನ್ನು ಇಳಿಸಿ’ ಅಂತ ಪಾಠದಲ್ಲಿ ಬರೆದರೆ ಓದುವ ಹುಡುಗಿ ಅದನ್ನು ನೆಟ್‌ನಿಂದ ತಂದು ಹಾಕಿಕೊಳ್ಳಲು ಹೊರಡುತ್ತಾಳೆ, ನಾವು ಹೇಳಬೇಕಾಗಿದ್ದು ಅದಕ್ಕೆ ಪೂರ್ತಿ ಉಲ್ಟಾ.

‘ಹಾಕು, ತೆಗೆ’ ನಮ್ಮ ದಿನದ ಮಾತು. ಹಾಕು ಪರವಾಗಿಲ್ಲ. ತೆಗೆ ಕಷ್ಟ. ಬಾಗಿಲು ತೆಗೆ ಅನ್ನುತ್ತೇವೆ, ಫೈಲ್ ತೆಗೆ ಅಂದರೆ ಓಪನ್ ಮಾಡು ಅಂತ. ‘ಮಾಡ್ಯೂಲ್ ತೆಗೆಯಿರಿ’ ಅಂದಾಗ ತೆರೆಯಬೇಕೋ ಹೊರಗೆ ಹಾಕಬೇಕೋ ಗೊತ್ತಾಗುವುದಿಲ್ಲ. ಸರಿ, ‘ತೆಗೆದುಹಾಕು’ ಅನ್ನೋಣ ಅಂದರೆ ಅದು ಫೋನ್‌ಗಳಲ್ಲಿ ಅಳಿಸುವ ಅರ್ಥದಲ್ಲಿ ರೂಢಿಯಾಗಿಬಿಟ್ಟಿದೆ. ಫೈಲೇ ಹೋಗುತ್ತದೆ ಅಂತ ಹೆದರಿ ಆಜ್ಞೆಯನ್ನೇ ಕೊಡದೆ ಕೂರುವವರಿರುತ್ತಾರೆ. ನನಗೆ ಹಿಡಿಸಿರುವುದು ‘ಕಳಚು’. ನಟ್ಟು ಕಳಚುತ್ತೇವೆ, ಸೈಕಲ್ ಚೈನ್ ಕಳಚುತ್ತದೆ, ಕಳಚಿದ ವಸ್ತು ಹಾಳಾಗುವುದಿಲ್ಲ, ಮತ್ತೆ ಹಾಕಬಹುದು. ಆರ್‌ಎಂಮಾಡ್ ಮಾಡುವುದೂ ಇದನ್ನೇ ಅಲ್ವಾ? ಇದಕ್ಕೆ ಜೋಡಿಯಾಗಿ ‘ಜೋಡಿಸು’ ಬರುತ್ತದೆ. ‘ಮಾಡ್ಯೂಲ್ ಬಳಕೆಯಲ್ಲಿದೆ, ಕಳಚಲು ಆಗುವುದಿಲ್ಲ’ ಅಂತ ದೋಷದ ಸಂದೇಶವನ್ನೂ ಸಲೀಸಾಗಿ ಹೇಳಬಹುದು. ಮಂಗಳೂರು, ಧಾರವಾಡ, ಕಲಬುರಗಿ ಕಡೆಯವರಿಗೆ ಕಳಚು ಹೀಗೇ ಕೇಳಿಸುತ್ತದೆಯೇ? ಇದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಡ್ರೈವರ್ ಮತ್ತು ಮಾಡ್ಯೂಲ್. ಕನ್ನಡದ ತಂತ್ರಾಂಶ ಅನುವಾದಗಳಲ್ಲಿ ‘ಚಾಲಕ’, ‘ಘಟಕ’ ಅಂತ ಬಳಸಿದ್ದಾರೆ. ಬರೆಯುತ್ತಾ ಹೋದಾಗ ಕಂಡಿದ್ದೇನೆಂದರೆ ಇವೆರಡೂ ಸಾರಿಗೆ ಬಸ್ಸಿನವು. ಚಾಲಕ ಬಸ್ ಓಡಿಸುವವನು. ಘಟಕ ಅಂದರೆ ಡಿಪೋ, ಡಿಪೋ ಮ್ಯಾನೇಜರನ್ನು ಘಟಕ ವ್ಯವಸ್ಥಾಪಕ ಅಂತಲೇ ಬರೆಯುತ್ತಾರೆ. ಇದರ ಮೇಲೆ ಮ್ಯಾನೇಜರ್ ಅನ್ನುವುದಕ್ಕೆ ‘ನಿರ್ವಾಹಕ’ ಹಾಕಿದರೆ ಕಂಡಕ್ಟರ್ ಕೂಡ ಬಂದುಬಿಡುತ್ತಾನೆ. ‘ಚಾಲಕ ಕಮ್ ನಿರ್ವಾಹಕ’ ಅನ್ನುವ ಹುದ್ದೆಯೇ ನಮ್ಮಲ್ಲಿದೆ. ‘ಚಾಲಕ ಘಟಕದಲ್ಲಿ ಸಿಗಲಿಲ್ಲ’ ಅಂತ ಓದಿದ ಕನ್ನಡಿಗರಿಗೆ ಕಂಪ್ಯೂಟರ್ ನೆನಪಾಗುವುದು ಕಷ್ಟ.

ಆದರೂ ಚಾಲಕವನ್ನು ಪೂರ್ತಿ ಬಿಟ್ಟುಬಿಡಲು ಮನಸ್ಸಿಲ್ಲ, ಯಾಕೆಂದರೆ ನಮ್ಮ ವಿಭಕ್ತಿಯೇ ಇಲ್ಲಿ ಸಹಾಯಕ್ಕೆ ಬರುತ್ತದೆ. ಮನುಷ್ಯನಾದರೆ ಚಾಲಕನನ್ನು, ಚಾಲಕರು. ತಂತ್ರಾಂಶವಾದರೆ ಚಾಲಕವನ್ನು, ಚಾಲಕಗಳು. ಮುದ್ರಕವನ್ನು, ಸೂಚಕವನ್ನು ಅನ್ನುವ ಸಾಲಿನಲ್ಲೇ ಇದು ಕೂರುತ್ತದೆ. ಪ್ರತ್ಯಯ ಇಲ್ಲದೆ ಒಂಟಿಯಾಗಿ ಬಂದಾಗ ಮಾತ್ರ ಗೊಂದಲ, ಅಲ್ಲೂ ‘ಕೆಲಸ ಮಾಡುತ್ತಿದೆ’ ಅಂತ ಕ್ರಿಯಾಪದ ಬಂದ ಕೂಡಲೇ ತಿಳಿದುಹೋಗುತ್ತದೆ. ಆದರೆ ಅನುವಾದ ಮಾಡುವವರು ಸುಮ್ನೆ ‘ಚಾಲಕನನ್ನು ಅನುಸ್ಥಾಪಿಸಿ’ ಅಂತ ಬರೆದುಬಿಟ್ಟರೆ ಇದರಿಂದ ಏನೂ ಪ್ರಯೋಜನವಿಲ್ಲ.

ಡ್ರೈವರ್, ಮಾಡ್ಯೂಲ್ ಎರಡಕ್ಕೂ ಒಂದೇ ಪದ ಬಳಸಿದರೆ ಆಗುವುದಿಲ್ಲವೇ ಅಂತ ಕೇಳಬಹುದು. ಆಗುವುದಿಲ್ಲ. ಸಾಧನಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ ಆಜ್ಞೆಗೆ ಕೆ ಅನ್ನುವ ಆಯ್ಕೆ ಕೊಟ್ಟರೆ ಪ್ರತಿ ಸಾಧನದ ಕೆಳಗೆ ಈಗ ಬಳಕೆಯಲ್ಲಿರುವ ಡ್ರೈವರ್ ಯಾವುದು ಅನ್ನುವುದು ಒಂದು ಸಾಲು, ಅದನ್ನು ನಡೆಸಬಲ್ಲ ಮಾಡ್ಯೂಲ್‌ಗಳು ಯಾವುವು ಅನ್ನುವುದು ಇನ್ನೊಂದು ಸಾಲು, ಬೇರೆ ಬೇರೆಯಾಗಿ ಬರುತ್ತವೆ. ಕೆಲವು ಡ್ರೈವರ್‌ಗಳು ಕರ್ನಲ್‌ನೊಳಗೇ ಬೆರೆತಿರುತ್ತವೆ, ಅವು ಮಾಡ್ಯೂಲ್ ಅಲ್ಲ. ಡಿಸ್ಕಿನಲ್ಲಿ ಫೈಲುಗಳನ್ನು ಹೊಂದಿಸಿಡುವ ಎಕ್ಸ್‌ಟಿ4 ತರಹದ ಫೈಲ್ ಸಿಸ್ಟಮ್ ಮಾಡ್ಯೂಲ್ ಆಗಿ ಬರಬಹುದು, ಅದು ಯಾವ ಸಾಧನದ ಡ್ರೈವರೂ ಅಲ್ಲ. ಹಾಗಾಗಿ ಎರಡು ಪದ ಬೇಕೇ ಬೇಕು. ನಾನು ಸದ್ಯಕ್ಕೆ ಡ್ರೈವರ್, ಮಾಡ್ಯೂಲ್ ಅಂತಲೇ ಇಟ್ಟಿದ್ದೇನೆ. ಚಾಲಕವನ್ನು ಒಪ್ಪಬಹುದು, ಘಟಕ ಬೇಡ. ಅದು ಪಕ್ಷದ ಜಿಲ್ಲಾ ಘಟಕದಿಂದ ಹಿಡಿದು ಕಾರ್ಖಾನೆಯ ತನಕ ಈಗಾಗಲೇ ತುಂಬಾ ಕಡೆ ಓಡಾಡುತ್ತಿದೆ.

ಮಾಡ್ಯೂಲ್ ಹೇಗೆ ನಡೆಯಬೇಕು ಅಂತ ನಾವು ಹೇಳುವ ಪ್ಯಾರಾಮೀಟರ್‌ಗೆ ‘ನಿಯತಾಂಕ’ ಅಂತ ಬಳಸಿರುವುದನ್ನು ನೋಡಿರುತ್ತೀರಿ. ನಿಯತ ಅಂದರೆ ಗೊತ್ತುಮಾಡಿದ್ದು, ಅಂಕ ಅಂದರೆ ಸಂಖ್ಯೆ. ವಿಜ್ಞಾನದ ಬರಹಗಳಲ್ಲಿ ಇದನ್ನು ಬದಲಾಗದ ಸಂಖ್ಯೆ ಅನ್ನುವ ಅರ್ಥಕ್ಕೂ ಬಳಸುತ್ತಾರೆ. ಇಲ್ಲಿ ಪ್ಯಾರಾಮೀಟರ್ ಇರುವುದೇ ನಾವು ಬದಲಿಸಲಿ ಅಂತ, ಎಲ್ಲ ಸಲ ಅದು ಸಂಖ್ಯೆಯೂ ಅಲ್ಲ. ಮೌಸ್ ನಡೆಸುವ ಪಿಎಸ್‌ಮೌಸ್ ಮಾಡ್ಯೂಲಿನ ಪ್ರೋಟೋ ಅನ್ನುವ ಪ್ಯಾರಾಮೀಟರ್‌ಗೆ ಸಂಖ್ಯೆಯಲ್ಲ, ಒಂದು ಪದವನ್ನು ಕೊಡಬೇಕು. ಇನ್ನು ಕೆಲವು ವೈ ಅಥವಾ ಎನ್ (ಹೌದು ಅಥವಾ ಇಲ್ಲ) ಅಂತ ತೋರಿಸುತ್ತವೆ. ‘ಆಯ್ಕೆ’ ಸಾಕು ಅನಿಸುತ್ತದೆ. ಅದಕ್ಕೆ ಕೊಡುವ ವ್ಯಾಲ್ಯೂಗೆ ನಮ್ಮ ಶಾಲೆಯ ಗಣಿತದ ‘ಬೆಲೆ’ಯೇ ಇದೆ. ಎಕ್ಸ್‌ನ ಬೆಲೆ ಕಂಡುಹಿಡಿಯಿರಿ ಅಂತ ಕಲಿತವರಿಗೆ ಮೌಲ್ಯ ಯಾಕೆ ಬೇಕು? ಒಂದೇ ತೊಂದರೆ, ‘ಈಗಿನ ಬೆಲೆ’ ಅಂದ ಕೂಡಲೇ ಮಾರುಕಟ್ಟೆ ನೆನಪಾಗುತ್ತದೆ.

ಈ ‘ಈಗಿನ’ ಅನ್ನುವುದೇ ನನ್ನ ಇನ್ನೊಂದು ದೊಡ್ಡ ತೊಡಕು. ಒಂದು ಉದಾಹರಣೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಹಾಡು ಶುರುವಾಗುವ ಮುಂಚೆ ಸ್ಪೀಕರ್ ಒಮ್ಮೆ ಟಪ್ ಅನ್ನುತ್ತದೆ. ಎಸ್‌ಎನ್‌ಡಿ ಎಚ್‌ಡಿಎ ಇಂಟೆಲ್ ಅನ್ನುವ ಮಾಡ್ಯೂಲು ವಿದ್ಯುತ್ ಉಳಿಸಲು ಆಡಿಯೋ ಚಿಪ್ಪನ್ನು ಮಲಗಿಸಿ ಎಬ್ಬಿಸುವಾಗ ಹೀಗಾಗುತ್ತದೆ. ಅದರ ಪವರ್ ಸೇವ್ ಆಯ್ಕೆಯಲ್ಲಿರುವುದು ಎಷ್ಟು ಸೆಕೆಂಡ್ ಸುಮ್ಮನಿದ್ದರೆ ಮಲಗಬೇಕು ಅನ್ನುವ ಲೆಕ್ಕ. ಅದನ್ನು 0 ಮಾಡಿದರೆ ಮಲಗುವುದಿಲ್ಲ, ಟಪ್ ಸದ್ದು ನಿಲ್ಲುತ್ತದೆ. ಈ 0 ಅನ್ನು, ಓಡುತ್ತಿರುವ ಕರ್ನಲ್‌ನ ಸ್ಥಿತಿ ತೋರಿಸುವ ಸಿಸ್ ಡೈರೆಕ್ಟರಿಯೊಳಗಿನ ಪ್ಯಾರಾಮೀಟರ್ ಫೈಲಿಗೆ ಬರೆದರೆ ಆ ಕ್ಷಣದಿಂದಲೇ ಜಾರಿ, ಆದರೆ ರೀಬೂಟ್ ಆದರೆ ಹೋಯಿತು. ಸೆಟ್ಟಿಂಗ್ ಫೈಲುಗಳಿರುವ ಇಟಿಸಿ ಡೈರೆಕ್ಟರಿಯೊಳಗಿನ ಮಾಡ್‌ಪ್ರೋಬ್ ಡಾಟ್ ಡಿ ಡೈರೆಕ್ಟರಿಯಲ್ಲಿ ಆಪ್ಷನ್ಸ್ ಸಾಲು (ಆಪ್ಷನ್ಸ್ ಅಂತ ಶುರುವಾಗುವ ಸಾಲು) ಬರೆದರೆ ಈಗ ಏನೂ ಆಗುವುದಿಲ್ಲ, ಮುಂದೆ ಮಾಡ್ಯೂಲನ್ನು ಜೋಡಿಸಿದಾಗ ಅನ್ವಯವಾಗುತ್ತದೆ, ಆಮೇಲೆ ಪ್ರತಿ ಸಲವೂ. ಕೆಲವು ಆಯ್ಕೆಗಳನ್ನು ಸಿಸ್‌ನಲ್ಲಿ ಓದಲು ಮಾತ್ರ ಸಾಧ್ಯ, ಅವಕ್ಕೆ ಎರಡನೆಯ ದಾರಿಯೇ ಗತಿ.

ಈ ಎರಡನ್ನೂ ‘ಸೆಟ್ಟಿಂಗ್ ಬದಲಿಸಿದೆ’ ಅಂತ ಒಂದೇ ಮಾತಿನಲ್ಲಿ ಹೇಳಿದರೆ ಕಲಿಯುವವರು ಇಲ್ಲೇ ದಾರಿ ತಪ್ಪುತ್ತಾರೆ. ‘ಸೆಟ್ಟಿಂಗ್ ನಿಲ್ತಾ ಇಲ್ಲ ಸರ್’ ಅಂತ ಹೇಳುತ್ತಾರೆ. ನಿಲ್ಲು ಒಳ್ಳೆಯ ಮಾತು, ಆದರೆ ‘ನಿಲ್ಲುವ ಸೆಟ್ಟಿಂಗ್’ ಅಂದರೆ ಕೆಲಸ ನಿಲ್ಲಿಸುವುದು ಅಂತಲೂ ಆಗುತ್ತದೆ. ಮೆನುಗಳಲ್ಲಿ ಸೇವ್‌ಗೆ ‘ಉಳಿಸಿ’ ಗಟ್ಟಿಯಾಗಿ ಕೂತಿದೆ. ಆದ್ದರಿಂದ ‘ಸದ್ಯದ ಸೆಟ್ಟಿಂಗ್’ ಮತ್ತು ‘ಉಳಿಯುವ ಸೆಟ್ಟಿಂಗ್’ ಅಂತ ಬರೆದಿದ್ದೇನೆ. ಇದಕ್ಕಿಂತ ಚಿಕ್ಕದಾಗಿ, ನೇರವಾಗಿ ಹೇಳುವ ಜೋಡಿ ಇದ್ದರೆ ದಯವಿಟ್ಟು ತಿಳಿಸಿ.

ಬ್ಲ್ಯಾಕ್‌ಲಿಸ್ಟ್‌ಗೆ ಪತ್ರಿಕೆಗಳ ‘ಕಪ್ಪುಪಟ್ಟಿ’ ಇದೆ, ‘ನಿಷೇಧ’ವೂ ಇದೆ. ನಿಷೇಧ ಖಂಡಿತ ತಪ್ಪು. ಈ ಪಟ್ಟಿಗೆ ಸೇರಿಸಿದ ಮಾಡ್ಯೂಲು ಸಾಧನ ಕಂಡ ಕೂಡಲೇ ತಾನಾಗಿ ಬರುವುದಿಲ್ಲ, ಅಷ್ಟೇ. ನಾವೇ ಹೆಸರು ಹೇಳಿ ಮಾಡ್‌ಪ್ರೋಬ್ ಕೊಟ್ಟರೆ ಬರುತ್ತದೆ, ಇನ್ನೊಂದು ಮಾಡ್ಯೂಲಿಗೆ ಅದು ಬೇಕಿದ್ದರೂ ಬರುತ್ತದೆ. ನಿಷೇಧ ಅಂತ ಓದಿದವರು ‘ನಿಷೇಧಿಸಿದರೂ ಯಾಕೆ ಬಂತು’ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ‘ಕರೆಯದೆ ಬಾರದವು’ ಅಂತ ವಿವರಿಸಬಹುದು, ಪದವಾಗಿ ಉದ್ದವಾಯಿತು. ಇದಕ್ಕೆ ನನ್ನ ಬಳಿ ಉತ್ತರ ಇಲ್ಲ.

ಕೊನೆಯದು ‘ಆಜ್ಞಾ ಸಾಲು’. ಟರ್ಮಿನಲ್‌ನಲ್ಲಿ ನಾವು ಟೈಪ್ ಮಾಡುವುದಕ್ಕೂ ಕಮಾಂಡ್ ಲೈನ್ ಅಂತಾರೆ, ಬೂಟ್ ಆಗುವಾಗ ಕರ್ನಲನ್ನು ಶುರು ಮಾಡುವ ಗ್ರಬ್ ಅನ್ನುವ ತಂತ್ರಾಂಶ ಕರ್ನಲ್‌ಗೆ ಕೊಡುವ ಸಾಲಿಗೂ ಕಮಾಂಡ್ ಲೈನ್ ಅಂತಾರೆ. ಕರ್ನಲ್‌ನೊಳಗೇ ಬೆರೆತಿರುವ ಡ್ರೈವರ್‌ಗೆ ಆಪ್ಷನ್ಸ್ ಸಾಲು ಬರೆದು ಪ್ರಯೋಜನ ಇಲ್ಲ. ಯುಎಸ್‌ಬಿ ಸಾಧನಗಳಿಗೆ ಬೇಕಾದ ಯುಎಸ್‌ಬಿಕೋರ್ ಹಾಗೆ ಬೆರೆತಿದ್ದರೆ, ಸುಮ್ಮನಿರುವ ಸಾಧನವನ್ನು ಮಲಗಿಸುವ ಅದರ ಆಟೋಸಸ್ಪೆಂಡ್ ಆಯ್ಕೆಯನ್ನು -1 ಮಾಡಿ ಪೂರ್ತಿ ಆಫ್ ಮಾಡುವುದನ್ನು ಬೂಟ್ ಸಾಲಿನಲ್ಲೇ ಹೇಳಬೇಕು. ಪಾಠದಲ್ಲಿ ಎರಡಕ್ಕೂ ಆಜ್ಞಾ ಸಾಲು ಅಂತ ಬರೆದರೆ ಓದುವವರು ಅದನ್ನು ಟರ್ಮಿನಲ್‌ನಲ್ಲಿ ಟೈಪ್ ಮಾಡುತ್ತಾರೆ. ಅದಕ್ಕೇ ಒಂದನ್ನು ‘ಆಜ್ಞಾ ಸಾಲು’, ಇನ್ನೊಂದನ್ನು ‘ಬೂಟ್ ಸಾಲು’ ಅಂತ ಬೇರೆ ಮಾಡಿದ್ದೇನೆ.

ಕಳಚು, ಉಳಿಯುವ ಸೆಟ್ಟಿಂಗ್, ಬ್ಲ್ಯಾಕ್‌ಲಿಸ್ಟ್ ಈ ಮೂರಕ್ಕೆ ಮೊದಲು ಉತ್ತರಿಸಿ. ಲಿನಕ್ಸ್ ಗೊತ್ತಿಲ್ಲದವರ ಅಭಿಪ್ರಾಯ ನನಗೆ ಇನ್ನೂ ಜಾಸ್ತಿ ಬೇಕು, ಪಾಠ ಓದುವವರೂ ಅಂಥವರೇ.