ಹಳೇ ಸೋಡಾ ಮಷಿನ್: ಕೆಳಗಿನ ಬಾಟಲಿ ಹೆಪ್ಪುಗಟ್ಟುತ್ತೆ, ಮೇಲಿನದು ತಣ್ಣಗಾಗಲ್ಲ

ಪ್ರಶ್ನೆ
1950ರ ದಶಕದ ಸೋಡಾ ವೆಂಡಿಂಗ್ ಮಷಿನ್, ಗಾಜಿನ ಬಾಟಲಿಯದ್ದು. ಕೂಲಿಂಗ್ ಯೂನಿಟ್ ಮೊದಲಿನದೇ ಇದೆ. ಕೆಳಗಿನ ಸಾಲಿನಲ್ಲಿ ಬಾಟಲಿಯೊಳಗೇ ಐಸ್ ಕಟ್ಟುತ್ತೆ, ಮೇಲಿನವು 9–10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಲ್ಲ. ಥರ್ಮೋಸ್ಟಾಟ್ ಸ್ಕ್ರೂ ಕೋಲ್ಡ್ ಕಡೆ ತಿರುಗಿಸಿದರೆ ಕೆಳಗಿನವು ಪೂರ್ತಿ ಗಟ್ಟಿ, ವಾರ್ಮ್ ಕಡೆ ತಿರುಗಿಸಿದರೆ ಮೇಲಿನವು ಉಗುರುಬೆಚ್ಚಗೆ. ಎಷ್ಟಕ್ಕೆ ಇಡಬೇಕು?

ಉತ್ತರ 1
ಸದ್ಯಕ್ಕೆ ಸ್ಕ್ರೂ ಮುಟ್ಟಬೇಡಿ. ಮೇಲಕ್ಕೂ ಕೆಳಕ್ಕೂ ಇಷ್ಟು ವ್ಯತ್ಯಾಸ ಇದ್ದರೆ ಸೆಟ್ಟಿಂಗ್‌ನದ್ದಲ್ಲ, ಒಳಗೆ ಗಾಳಿ ಸುತ್ತುತ್ತಿಲ್ಲ. ತಣ್ಣನೆ ಗಾಳಿ ಭಾರ, ಫ್ಯಾನ್ ಮೇಲಕ್ಕೆ ತಳ್ಳದಿದ್ದರೆ ತಳದಲ್ಲೇ ಕೂರುತ್ತೆ. ಪ್ಲಗ್ ಕಿತ್ತು ಇವಾಪರೇಟರ್ (ಒಳಗೆ ತಣ್ಣಗಾಗುವ ಕಾಯಿಲ್) ಫ್ಯಾನ್ ಬ್ಲೇಡನ್ನು ಬೆರಳಲ್ಲಿ ತಿರುಗಿಸಿ ನೋಡಿ. ಬಿಗಿ ಇದ್ದರೆ ಹಳೇ ಎಣ್ಣೆ ಅಂಟಾಗಿದೆ: ಒರೆಸಿ ತೆಗೆದು ಬೇರಿಂಗ್‌ಗೆ ತೆಳು ಮಷಿನ್ ಆಯಿಲ್ ಎರಡು ಮೂರು ಹನಿ ಬಿಡಿ. ಮೋಟರ್ ಬದಲಿಸಬೇಕಾಗಿ ಬಂದರೆ ವೋಲ್ಟೇಜ್, ವ್ಯಾಟ್ ಜೊತೆಗೆ ತಿರುಗುವ ದಿಕ್ಕನ್ನೂ ಹೊಂದಿಸಿ. ದಿಕ್ಕು ಉಲ್ಟಾ ಆದರೆ ಫ್ಯಾನ್ ಓಡಿದರೂ ಗಾಳಿ ಸರಿಯಾದ ಕಡೆ ಹೋಗಲ್ಲ.

ಕಾಯಿಲ್ ಮೇಲೆ ಐಸ್ ಗೋಡೆಯೇ ಕಟ್ಟಿದ್ದರೆ ಬಾಗಿಲು ತೆರೆದು ಒಂದು ರಾತ್ರಿ ಬಿಡಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಲೇಬೇಡಿ. ಪೈಪ್ ತೂತಾದರೆ ಗ್ಯಾಸ್ ಹೋಯಿತು. ಆ ಕಾಲದ ಯೂನಿಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಆರ್-12 ಅನ್ನುವ ಕೂಲಿಂಗ್ ಗ್ಯಾಸ್, ಅದರ ತಯಾರಿಕೆ ನಿಂತು ದಶಕಗಳಾದವು.

ಉತ್ತರ 2
ಫ್ಯಾನ್ ಸರಿಹೋದ ಮೇಲೆ ಅಳತೆ. ಗಾಳಿಯ ತಾಪ ನೋಡಬೇಡಿ, ಬಾಗಿಲು ತೆರೆದ ಕೂಡಲೇ ಅದು ಏರುತ್ತೆ. ಎರಡು ಬಾಟಲಿಗೆ ನೀರು ತುಂಬಿ ಥರ್ಮಾಮೀಟರ್ ಇಳಿಬಿಟ್ಟು, ಒಂದನ್ನು ಮೇಲೆ, ಒಂದನ್ನು ಬಾಟಲಿ ಮೊದಲು ಹೊರಬರುವ ಜಾಗದ ಪಕ್ಕ ಇಡಿ. ಥರ್ಮಾಮೀಟರ್‌ಗಳನ್ನು ಮೊದಲೇ ಪುಡಿ ಐಸ್ ನೀರಲ್ಲಿ ಅದ್ದಿ ನೋಡಿ, 0 ತೋರಿಸಬೇಕು.

ಗುರಿ 2ರಿಂದ 3 ಡಿಗ್ರಿ. ಸಕ್ಕರೆ ಸೋಡಾ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೆ ಹೋಗುವವರೆಗೂ ತಡೆಯುತ್ತೆ, ಡಯಟ್ ಸೋಡಾ ಅದಕ್ಕಿಂತ ಮೊದಲೇ ಹೆಪ್ಪುಗಟ್ಟುತ್ತೆ. ಗಾಜು ಒಡೆಯುವ ಅಪಾಯ ಇರುವುದರಿಂದ 1ಕ್ಕಿಂತ ಕೆಳಗಿಳಿಸದಿರುವುದೇ ಜಾಣತನ.

ಹೆಚ್ಚಿನವುಗಳಲ್ಲಿ ಸ್ಕ್ರೂ ಬಲಕ್ಕೆ ತಿರುಗಿಸಿದರೆ ಚಳಿ ಜಾಸ್ತಿ, ಆದರೂ ಪ್ಲೇಟಿನ ಮೇಲಿನ ಬಾಣ ನೋಡಿಕೊಳ್ಳಿ. ಈಗಿರುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಒಂದು ಸುತ್ತಿನ ಎಂಟನೇ ಒಂದು ಭಾಗ ಮಾತ್ರ ತಿರುಗಿಸಿ, ಮಷಿನ್ ತುಂಬಿಟ್ಟು 24 ಗಂಟೆ ಕಾಯಿರಿ. ಕೆಲವು ಥರ್ಮೋಸ್ಟಾಟ್‌ಗಳಲ್ಲಿ ಎರಡನೇ ಸಣ್ಣ ಸ್ಕ್ರೂ ಇರುತ್ತೆ. ಅದು ಆನ್ ಮತ್ತು ಆಫ್ ನಡುವಿನ ಅಂತರದ್ದು. ಅದನ್ನು ಕದಲಿಸಿದರೆ ಕಂಪ್ರೆಸರ್ ಪದೇ ಪದೇ ಆನ್ ಆಗಿ ಸುಟ್ಟುಹೋಗಬಹುದು.

ಉತ್ತರ 3
ಸೆನ್ಸರ್ ಬಲ್ಬ್ ನೋಡದೆ ಇವೆಲ್ಲ ಮಾಡಿ ಪ್ರಯೋಜನವಿಲ್ಲ. ಥರ್ಮೋಸ್ಟಾಟ್‌ನಿಂದ ಹೊರಟ ತೆಳು ತಾಮ್ರದ ನಳಿಗೆಯ ತುದಿಯೇ ಈ ಬಲ್ಬ್, ಅದು ಇವಾಪರೇಟರ್‌ಗೆ ಕ್ಲಾಂಪ್ ಆಗಿರುತ್ತೆ, ಲೋಹಕ್ಕೆ ಲೋಹ ತಾಗಿರಬೇಕು. ಕ್ಲಾಂಪ್ ಸಡಿಲಾಗಿ ಬಲ್ಬ್ ಗಾಳಿಯಲ್ಲಿ ತೂಗುತ್ತಿದ್ದರೆ ಕಾಯಿಲ್ ಎಷ್ಟು ತಣ್ಣಗಾಗಿದೆ ಅಂತ ಅದಕ್ಕೆ ತಿಳಿಯಲ್ಲ, ಕಂಪ್ರೆಸರ್ ಓಡುತ್ತಲೇ ಇರುತ್ತೆ. ನಳಿಗೆ ಒಡೆದು ಒಳಗಿನ ಗ್ಯಾಸ್ ಹೋಗಿದ್ದರೆ ಇದರ ಉಲ್ಟಾ: ಕಂಪ್ರೆಸರ್ ಸ್ಟಾರ್ಟೇ ಆಗಲ್ಲ.

ಅನುಮಾನವಿದ್ದರೆ ಪ್ಲಗ್ ಕಿತ್ತು, ಥರ್ಮೋಸ್ಟಾಟ್ ವೈರ್ ಬಿಚ್ಚಿ ಮಲ್ಟಿಮೀಟರ್ ಇಡಿ. ಬಲ್ಬ್ ಬೆಚ್ಚಗಿದ್ದಾಗ ಕಂಟಿನ್ಯೂಟಿ (ಸರ್ಕ್ಯೂಟ್ ಕೂಡಿದೆ ಅಂತ) ತೋರಿಸಬೇಕು. ಪುಡಿ ಐಸ್‌ಗೆ ಉಪ್ಪು ಬೆರೆಸಿ ಬಲ್ಬ್ ಅದ್ದಿದರೆ ಟಕ್ ಅಂತ ಕಟ್ ಆಗಬೇಕು. ಕಟ್ ಆಗದಿದ್ದರೆ ಕಾಂಟ್ಯಾಕ್ಟ್ ಅಂಟಿಕೊಂಡಿದೆ, ಥರ್ಮೋಸ್ಟಾಟ್ ಬದಲಿಸಿ.

ಪ್ರಶ್ನೆ ಕೇಳಿದವರು
ಫ್ಯಾನ್ ಜಾಮ್ ಆಗಿತ್ತು, ಎಣ್ಣೆ ಬಿಟ್ಟ ಮೇಲೆ ತಿರುಗುತ್ತಿದೆ. ಬಲ್ಬ್ ಬಿಗಿಯಾಗೇ ಇದೆ. ಆದರೆ ಪ್ಲಗ್ ಕಿತ್ತು ತಕ್ಷಣ ಹಾಕಿದರೆ ಕಂಪ್ರೆಸರ್ ಗುಂಯ್ ಅಂದು ಕ್ಲಿಕ್ ಆಗಿ ನಿಲ್ಲುತ್ತೆ?

ಉತ್ತರ 2
ಅದು ಓವರ್‌ಲೋಡ್ (ಮೋಟರ್ ಸುಡದಂತೆ ಕರೆಂಟ್ ಕಟ್ ಮಾಡುವ ಸ್ವಿಚ್) ಟ್ರಿಪ್ ಆಗುವ ಸದ್ದು. ಪೈಪಿನಲ್ಲಿ ಎರಡೂ ಕಡೆಯ ಒತ್ತಡ ಸಮ ಆಗುವ ಮುಂಚೆ ಮೋಟರ್ ಎಳೆಯಲಾರದು. ಆಫ್ ಮಾಡಿದರೆ ಕನಿಷ್ಠ 5 ನಿಮಿಷ ಬಿಟ್ಟು ಆನ್ ಮಾಡಿ. ಹಾಗೆ ಮಾಡಿದ ಮೇಲೂ ಕ್ಲಿಕ್ ಆದರೆ ಸ್ಟಾರ್ಟ್ ರಿಲೇ (ಕಂಪ್ರೆಸರ್ ಮೋಟರ್ ಸ್ಟಾರ್ಟ್ ಮಾಡುವ ಸ್ವಿಚ್) ಪರೀಕ್ಷಿಸಿ. ಆಫ್ ಇರುವಾಗಲೇ ಕಂಡೆನ್ಸರ್ (ಬಿಸಿ ಹೊರಹಾಕುವ ಕಾಯಿಲ್) ಧೂಳು ಬ್ರಷ್‌ನಿಂದ ತೆಗೆದುಬಿಡಿ. ಬಾಗಿಲಿನ ರಬ್ಬರ್‌ಗೆ ಕಾಗದ ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದ ಕಡೆ ತೇವದ ಗಾಳಿ ಒಳಬಂದು ಕಾಯಿಲ್ ಮೇಲೆ ಮತ್ತೆ ಐಸ್ ಕಟ್ಟುತ್ತೆ.