ಹಳೇ ಮದ್ದನ್ನು ಬೇರೆ ರೋಗಕ್ಕೆ ಬಳಸುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ರೋಗಕ್ಕೆಂದು ಬಂದ ಮದ್ದು ಬೇರೆ ರೋಗಕ್ಕೂ ಆಗುತ್ತದಾ ಎಂದು ನೋಡುವುದಕ್ಕೆ ಇಂಗ್ಲಿಷಿನಲ್ಲಿ ‘ಡ್ರಗ್ ರೀಪರ್ಪಸಿಂಗ್’ ಎಂದು ಹೆಸರು. ಕನ್ನಡದಲ್ಲಿ ಇದಕ್ಕೊಂದು ಪದ ಬೇಕು. ವಾರದಿಂದ ಹುಡುಕುತ್ತಿದ್ದೇನೆ.

ನಾನು ಬರೆಯುತ್ತಿರುವುದು ಅಮಿಯೋಡರೋನ್ ಬಗ್ಗೆ. ಎದೆಬಡಿತ ತಾಳ ತಪ್ಪಿದಾಗ ಕೊಡುವ ಮದ್ದು. ಲ್ಯಾಬಿನ ಪರೀಕ್ಷೆಗಳಲ್ಲಿ ಇದು ಕ್ಯಾಂಡಿಡಾ, ಕ್ರಿಪ್ಟೋಕಾಕಸ್‌ನಂಥ ಶಿಲೀಂಧ್ರಗಳನ್ನೂ ಕೊಂದಿದೆ. ಅವುಗಳ ಜೀವಕೋಶದಲ್ಲಿ ಕ್ಯಾಲ್ಸಿಯಂ ಹದ ಕೆಡಿಸುತ್ತದೆ. ಶಿಲೀಂಧ್ರ ಸೋಂಕಿಗೆ ಕೊಡುವ ಫ್ಲುಕೋನಜೋಲ್ ಎಂಬ ಮದ್ದಿನ ಜೊತೆ ಸೇರಿದರೆ ಪೆಟ್ಟು ಇನ್ನೂ ಜಾಸ್ತಿ. ಆದರೆ ಇವೆರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಎದೆಬಡಿತವೇ ಅಪಾಯಕಾರಿಯಾಗಿ ಏರುಪೇರಾಗಬಹುದು. ಅದಕ್ಕೇ ಪದದಲ್ಲೂ ಎಚ್ಚರ ಬೇಕು. ಯಾರೂ ಸುಮ್ನೆ ಮಾತ್ರೆ ನುಂಗಬಾರದು.

ಮೊದಲು ‘ಔಷಧ ಮರುಬಳಕೆ’ ಎಂದು ಬರೆದೆ. ಅಮ್ಮ ಓದಿ, “ಯಾರೋ ಬಿಟ್ಟ ಮಾತ್ರೆನ ಇನ್ನೊಬ್ರಿಗೆ ಕೊಡ್ತಾರಾ?” ಎಂದು ಗಾಬರಿಯಾದರು. ಅವರು ಕೇಳಿದ್ದು ಸರಿಯೇ. ಮರುಬಳಕೆ ಅಂದರೆ ನಮಗೆ ಪ್ಲಾಸ್ಟಿಕ್, ಹಳೇ ಬಾಟಲಿ.

ಇಲ್ಲಿ ‘ಮರು’ ಬಗ್ಗೆಯೇ ಒಂದು ಪ್ರಶ್ನೆ. ಮರುಮುದ್ರಣ, ಮರುಮದುವೆ, ಮರುಎಣಿಕೆ ಇವುಗಳಲ್ಲಿ ಅದೇ ಕೆಲಸ ಮತ್ತೊಮ್ಮೆ. ಆದರೆ ಮರುದಿನ ಅಂದಾಗ ಅದೇ ದಿನ ಮತ್ತೆ ಬರುವುದಿಲ್ಲ, ಅದರ ಮುಂದಿನದು. ಈ ಅರ್ಥ ಹಿಡಿದು ಇವತ್ತು ಹೊಸ ಪದ ಕಟ್ಟಿದರೆ ಓದುವವರಿಗೆ ತಿಳಿಯುತ್ತದಾ?

‘ಮರುಉದ್ದೇಶೀಕರಣ’ ಬೇಡ. ಬಾಯಲ್ಲಿ ಹೊರಳುವುದಿಲ್ಲ.

‘ಶಿಲೀಂಧ್ರ’ದ ಚಿಂತೆ ನನಗಿಲ್ಲ. 2021ರ ‘ಕಪ್ಪು ಶಿಲೀಂಧ್ರ’ದ ಸುದ್ದಿಯಿಂದ ಆ ಪದ ಮನೆಮನೆಗೂ ಗೊತ್ತಾಗಿದೆ.

ನನ್ನ ಮನಸ್ಸಿಗೆ ಹಿಡಿಸಿದ್ದು ‘ಹೊಸಗೆಲಸ’. ಮನೆಗೆಲಸ, ಕೈಗೆಲಸದ ಹಾಗೆ. ಅಮಿಯೋಡರೋನ್ ಕೂಡ 1960ರ ದಶಕದಲ್ಲಿ ಬಂದದ್ದು ಎದೆನೋವಿಗೆ. ಬಡಿತ ಸರಿಪಡಿಸುವುದು ಅದರ ಹೊಸಗೆಲಸ. ನೋವಿನ ಮಾತ್ರೆ ಆಸ್ಪಿರಿನ್‌ಗೆ ಹೃದಯ ಕಾಯುವುದು ಹೊಸಗೆಲಸ. ಹೀಗೆ ಬರೆದರೆ ಅಮ್ಮನಿಗೂ ತಿಳಿಯಿತು.

ತೊಡಕು ಇರುವುದು ಕ್ರಿಯಾಪದದಲ್ಲಿ. ‘ಹೊಸಗೆಲಸಕ್ಕೆ ಹಚ್ಚು’ ಅನ್ನೋಣ ಅಂದರೆ, ಮದ್ದಿನ ಮಾತಲ್ಲಿ ‘ಹಚ್ಚು’ ಅಂದರೆ ಮುಲಾಮು ಬಳಿಯುವುದು. ಶಿಲೀಂಧ್ರ ಸೋಂಕು ಅಂದಕೂಡಲೇ ಹುಳುಕಡ್ಡಿ ನೆನಪಾಗುತ್ತದೆ, ಅದಕ್ಕೆ ಹಚ್ಚುವುದೇ ರೂಢಿ. ಮಾತ್ರೆ ಅರೆದು ಚರ್ಮಕ್ಕೆ ಬಳಿಯಬೇಕು ಎಂದು ಯಾರಾದರೂ ತಿಳಿದರೆ? ‘ತೊಡಗಿಸು’ ಸರಿ ಹೋಗುತ್ತದಾ? ನಿಮ್ಮ ಕಡೆ ಒಂದಕ್ಕೆಂದು ತಂದದ್ದನ್ನು ಇನ್ನೊಂದಕ್ಕೆ ಬಳಸುವುದಕ್ಕೆ ಆಡುಮಾತಿನಲ್ಲಿ ಏನನ್ನುತ್ತೀರಿ? ದಯವಿಟ್ಟು ತಿಳಿಸಿ.