ಅಪ್‌ಡೇಟ್: ಅಜ್ಜಿಯ ಲೆದರ್ ಬ್ಯಾಗ್ ಉಳಿಯಿತು

ಬೀರುವಿನಲ್ಲಿ ವರ್ಷಗಟ್ಟಲೆ ಇದ್ದ ಅಜ್ಜಿಯ ಲೆದರ್ ಬ್ಯಾಗಿಗೆ ಬೂಷ್ಟು ಹಿಡಿದಿದೆ, ಒಣಗಿ ಗಟ್ಟಿಯಾಗಿದೆ, ಅಡುಗೆ ಎಣ್ಣೆ ಹಚ್ಚಬಹುದಾ ಅಂತ ಕೇಳಿದ್ದೆ. ಬೇಡ, ಎಣ್ಣೆ ಒಳಗೇ ಹಳಸಿ ವಾಸನೆ ಬರುತ್ತದೆ, ಬಣ್ಣವೂ ಕಪ್ಪಾಗುತ್ತದೆ ಅಂದಿರಿ. ನಿಮ್ಮ ಮಾತು ಕೇಳಿದ್ದು ಒಳ್ಳೆಯದೇ ಆಯಿತು.

ಮೊದಲು ಮನೆಯ ಹೊರಗೆ ಕೂತು ಮೆತ್ತನೆಯ ಬ್ರಷ್‌ನಿಂದ ಬೂಷ್ಟು ಉದುರಿಸಿದೆ. ಹೊಲಿಗೆಯ ಸಂದಿಗಳಲ್ಲೇ ಜಾಸ್ತಿ ಇತ್ತು. ಆಮೇಲೆ ಸ್ಯಾಡಲ್ ಸೋಪು, ಅಂದರೆ ಚರ್ಮದ ಸಾಮಾನು ಶುಚಿ ಮಾಡುವ ಸೋಪು. ತಳದಲ್ಲಿ, ಯಾರಿಗೂ ಕಾಣದ ಕಡೆ, ಸ್ವಲ್ಪ ಹಚ್ಚಿ ನೋಡಿದೆ. ಬಟ್ಟೆಗೆ ಬಣ್ಣ ಅಂಟಲಿಲ್ಲ. ಆಗಲೇ ಧೈರ್ಯ ಬಂದಿದ್ದು. ನೀರು ಆದಷ್ಟು ಕಡಿಮೆ ಬಳಸಿ ಒರೆಸಿ, ಎರಡು ದಿನ ನೆರಳಿನಲ್ಲಿ ಒಣಗಲು ಬಿಟ್ಟೆ. ಬಿಸಿಲಿಗಿಟ್ಟರೆ ಚರ್ಮ ಸೆಟೆದು ಬಿರುಕು ಬಿಡುತ್ತದೆ, ಅಲ್ವಾ?

ಆಮೇಲೆ ಒಣಗಿದ ಚರ್ಮವನ್ನು ಮೆತ್ತಗಾಗಿಸುವ ಲೆದರ್ ಕಂಡೀಷನರನ್ನು ಒಂದೇ ಸಲ ಬಳಿಯದೆ ತೆಳ್ಳಗೆ ಮೂರು ಸಲ ಹಚ್ಚಿದೆ. ಪ್ರತಿ ಸಲವೂ ಒಂದು ರಾತ್ರಿ ಬಿಟ್ಟೆ. ಮೂರನೆಯ ಬೆಳಿಗ್ಗೆ ಮುಚ್ಚಳ ಸಲೀಸಾಗಿ ಬಾಗಿತು. ನಿಜವಾಗಿ ಕಣ್ಣು ತುಂಬಿ ಬಂತು.

ಹಿಡಿಯ ಹತ್ತಿರದ ಬಿರುಕು ಹಾಗೇ ಇದೆ. ಅದು ಕಂಡೀಷನರ್‌ನಿಂದ ಕೂಡುವಂಥದ್ದಲ್ಲ. ಒಳಗಿನ ಮುಗ್ಗಲು ವಾಸನೆಯೂ ಪೂರ್ತಿ ಹೋಗಿಲ್ಲ. ಈಗ ಅಡುಗೆ ಸೋಡಾವನ್ನು ಬಟ್ಟೆಯಲ್ಲಿ ಕಟ್ಟಿ ಒಳಗಿಟ್ಟಿದ್ದೇನೆ. ಬ್ಯಾಗಿನ ಆಕಾರ ಕೆಡದಿರಲಿ ಅಂತ ಬಿಳಿ ಕಾಗದವನ್ನೂ ತುಂಬಿದ್ದೇನೆ. ನ್ಯೂಸ್‌ಪೇಪರ್ ಮಾತ್ರ ಬೇಡ, ಮಸಿ ಅಂಟುತ್ತದೆ.